ಹೊಟ್ಟು, ರಾಳ ಮತ್ತು ಕಿನುಯೊಳ ಬಲಗಾಲು

ಕಿನುಯೊ ನೆಟ್ಟಗೆ ಕೂತದ್ದನ್ನು ನಮ್ಮ ಯಾಮಾನಾಕಾ ಊರಲ್ಲಿ ಯಾರೂ ನೋಡಿದವರಿಲ್ಲ. ಮೈ ಕೂತಿದ್ದರೂ ಬಲಗಾಲು ಮಾತ್ರ ತನ್ನ ಪಾಡಿಗೆ ತಾನು ಕುಣಿಯುತ್ತಲೇ ಇರುತ್ತಿತ್ತು. ಹಿಮ್ಮಡಿ ನೆಲದಿಂದ ಒಂದು ಬೆರಳಷ್ಟು ಮೇಲೇಳುವುದು, ಇಳಿಯುವುದು, ಮತ್ತೆ ಏಳುವುದು. ನಮ್ಮ ಕಡೆ ಈ ಚಟಕ್ಕೊಂದು ಹೆಸರೇ ಇದೆ, 'ಬಡತನದ ಕುಲುಕು' ಅಂತ. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂದು ಹಿರಿಯರು ತೊಡೆಗೆ ಪಟ್ಟನೆ ಒಂದು ಬಿಟ್ಟು ನಿಲ್ಲಿಸುತ್ತಾರೆ. ಕಿನುಯೊಳ ತೊಡೆಗೆ ಮೊದಲು ಅವಳಮ್ಮ ಹೊಡೆದಳು, ಮದುವೆಯಾದ ಮೇಲೆ ಆ ಕೆಲಸ ಅತ್ತೆ ತಮೆಯ ಪಾಲಿಗೆ ಬಂತು. ವಯಸ್ಸು ನಲವತ್ತಮೂರಾದರೂ ಕಾಲು ಮಾತ್ರ ಯಾರ ಮಾತನ್ನೂ ಕೇಳಿರಲಿಲ್ಲ.

ನಮ್ಮದು ಬಟ್ಟಲಿನ ಊರು. ಹೊಳೆಯ ಮೇಲ್ಗಡೆ ತಿರುಗಣಿಗೆ ಮರ ಕೊಟ್ಟು ಬಟ್ಟಲು ಕಡೆಯುವವರು, ಕೆಳಗಡೆ ಅರಗು ಬಳಿಯುವವರು, ನಡುವೆ ಬಿಸಿನೀರ ಬುಗ್ಗೆ. ಯುದ್ಧ ಮುಗಿದು ಹತ್ತು ಹದಿನೈದು ವರ್ಷಕ್ಕೆ ಇಲ್ಲಿಗೆ ರಾಳ ಬಂತು. ಪ್ಲಾಸ್ಟಿಕ್ಕಿನ ಜಾತಿಯ ಬಿಳೀ ಪುಡಿ. ಕಾದ ಅಚ್ಚಿಗೆ ಸುರಿದು ಮೇಲಿಂದ ಒತ್ತಿದರೆ ಮೂರು ನಿಮಿಷಕ್ಕೊಂದು ಬಟ್ಟಲು! ಒಂದು ಬಟ್ಟಲಿನ ಮರ ಒಣಗಿಸಲು ವರ್ಷ ಕಾಯುವ ಜನ ಇದನ್ನು ಸಹಿಸುತ್ತಾರೆಯೇ? ಮೇಲ್ಗಡೆಯವರು ಅದನ್ನು ಬಟ್ಟಲು ಅನ್ನಲೇ ಇಲ್ಲ, 'ಕಲಸಿದ್ದು' ಅಂದರು. ಮೀನು ಅರೆದು ಕಲಸಿ ಬೇಯಿಸುವ ತಿಂಡಿಗೆ ಹೇಳುವ ಮಾತು ಅದು. ಕಿನುಯೊ ಕಡೆಯುವವನ ಮಗಳು. ಅಪ್ಪ ಸತ್ತ ಮೇಲೆ ಹೊಟ್ಟೆಪಾಡಿಗೆ ಹಿಗಾಶಿದೆ ಯಜಮಾನರ ತಗಡಿನ ಶೆಡ್ಡಿನಲ್ಲಿ ಅಚ್ಚು ಒತ್ತಲು ಸೇರಿ, ಕಲಸಿದ್ದರ ಕಡೆಯವಳಾದಳು.

ಪೆಟ್ರೋಲಿಗೆ ಬರ ಬಂತೆಂಬ ಗಲಾಟೆ ನೆನಪಿರಬೇಕಲ್ಲ? ಜನ ಅಂಗಡಿಗೆ ಮುಗಿಬಿದ್ದು ಕಕ್ಕಸಿನ ಕಾಗದವನ್ನು ಹೊತ್ತು ತಂದು ಅಟ್ಟಕ್ಕೆ ತುಂಬಿದ ವರ್ಷ. ತಮೆ ಅತ್ತೆಯ ಅಟ್ಟದಲ್ಲಿ ಅದು ಇನ್ನೂ ಇದೆ. ಆ ವರ್ಷ ಪೆಟ್ರೋಲಿನ ಮೂಲದಿಂದಲೇ ಆಗುವ ರಾಳದ ಪುಡಿಯೂ ಸಿಗುವುದು ಅಪರೂಪವಾಗಿ ಶೆಡ್ಡಿನ ಮೂರು ಒತ್ತುಯಂತ್ರಗಳಲ್ಲಿ ಎರಡು ಮಲಗಿದವು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಕಿನುಯೊ ಅಂದಳು, "ಯಜಮಾನ್ರೇ, ನಮ್ಮ ತೊಕುಜಿರೊ ದೊಡ್ಡಪ್ಪ ದಿನಾ ಒಂದು ಮೂಟೆ ಮರದ ಹೊಟ್ಟು ಬಚ್ಚಲ ಒಲೆಗೆ ಹಾಕ್ತಾರೆ. ಅದನ್ನ ಹಿಟ್ಟು ಮಾಡಿ ರಾಳಕ್ಕೆ ಬೆರೆಸಿದ್ರೆ ಏನಾಗ್ತದೋ ನೋಡೋಣ್ವಾ?"

ನೋಡಿದರು. ರಾಳ ಉಳಿಯಿತು, ಅದು ಒಂದು. ಅದಕ್ಕಿಂತ ಹೆಚ್ಚಾಗಿ ಬಟ್ಟಲು ಗಟ್ಟಿಯಾಯಿತು. ಬರೀ ರಾಳದ್ದು ಕೈಜಾರಿದರೆ ಠಣ್ ಅಂತ ಎರಡು ಹೋಳು. ಹೊಟ್ಟು ಬೆರೆತದ್ದು ಬಿದ್ದರೂ ಉರುಳಿ ಸುಮ್ಮನಾಗುತ್ತಿತ್ತು. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತೇವಲ್ಲ, ಹಾಗೆ ಮರದ ಎಳೆ ರಾಳವನ್ನು ಒಳಗಿಂದ ಹಿಡಿದುಕೊಳ್ಳುತ್ತಿತ್ತು.

ತೊಕುಜಿರೊ ಅವಳ ಸ್ವಂತ ದೊಡ್ಡಪ್ಪನೇನಲ್ಲ. ಅವಳಪ್ಪನೂ ಅವನೂ ಒಂದೇ ಗುರುವಿನ ಮನೆಯಲ್ಲಿ ಕಲಿತವರು, ಅವನು ಮೂರು ವರ್ಷ ದೊಡ್ಡವನು, ಅಷ್ಟೆ. ಎಪ್ಪತ್ತೆರಡರ ಮುದುಕ, ಹೆಂಡತಿ ಇಲ್ಲ, ಮಾತು ಕಡಿಮೆ, ಆಡಿದರೆ ಮುಳ್ಳು. "ಬಚ್ಚಲ ಒಲೆಗೆ ಹೋಗೋದು ನಿಮ್ಮ ಒಲೆಗೆ ಹೋಗ್ತದೆ. ತಗೊಂಡು ಹೋಗೇ, ಕಲಸ್ಕೋ," ಅಂದಿದ್ದ. ಅಂದರೂ ಮೂಟೆಯ ಬಾಯನ್ನು ತಾನೇ ಕಟ್ಟಿಕೊಡುತ್ತಿದ್ದ, ಒಂದು ಚಕ್ಕೆ ತೊಗಟೆ ಇಲ್ಲದ ಹಾಗೆ ಆರಿಸಿ.

ಎರಡನೆಯ ವರ್ಷದ ಶರತ್ಕಾಲಕ್ಕೆ ಕನಜಾವಾ ಕಡೆಯ ಒಂದು ಆಸ್ಪತ್ರೆಯಿಂದ ದೊಡ್ಡ ಆರ್ಡರು ಬಂತು. ರೋಗಿಗಳ ಸಾರಿನ ಬಟ್ಟಲು. ಹಗುರವಿರಬೇಕು, ಬಿದ್ದರೆ ಒಡೆಯಬಾರದು, ಬಿಸಿಗೆ ಬಗ್ಗಬಾರದು. ಕಿನುಯೊಳ ಕಾಲಿಗೆ ಅವತ್ತಿಂದ ಇಮ್ಮಡಿ ಜೀವ ಬಂತು. ಇವು ಚೆನ್ನಾಗಿ ಬಂದರೆ ಹೊಟ್ಟಿನ ಉಪಾಯ ನೆಲೆ ನಿಂತ ಹಾಗೆ, ಕೆಟ್ಟರೆ ಅವಳ ಮಾತಿಗೆ ಅಲ್ಲಿಗೆ ಬೆಲೆ ಮುಗಿದ ಹಾಗೆ. ನಮ್ಮ ಕಡೆ ನವೆಂಬರಿನಿಂದ ಆಕಾಶ ತೊಟ್ಟಿಕ್ಕುತ್ತಲೇ ಇರುತ್ತದೆ, ಒಗೆದ ಕಾಲುಚೀಲ ಮೂರು ದಿನವಾದರೂ ಒಣಗದು. ಹೊಟ್ಟಿನ ಹಿಟ್ಟು ತೇವ ಎಳೆಯದಿರಲಿ ಅಂತ ಅವಳು ಕಲಸಿದ ಪುಡಿಯ ತಗಡಿನ ಬಕೆಟ್ಟನ್ನು ಮೇಜಿನ ಮೇಲಿಂದ ಇಳಿಸಿ, ಸೀಮೆಎಣ್ಣೆ ಸ್ಟವ್ವಿನ ಪಕ್ಕ, ತನ್ನ ಬಲಗಾಲಿಗೆ ಒತ್ತಿಕೊಂಡ ಹಾಗೆ ಇಟ್ಟುಕೊಂಡಳು. ಬಗ್ಗಿ ಒಂದು ಲೋಟ ಎತ್ತಿ, ತೂಗಿ, ಅಚ್ಚಿಗೆ ಸುರಿದು, ಒತ್ತುವುದು. ಮೂರು ನಿಮಿಷ ಕಾಯುವುದು. ಮತ್ತೊಂದು ಲೋಟ. ಎಷ್ಟು ಮುತುವರ್ಜಿ ನೋಡಿ! ಹಾಳಾದ್ದು, ಆ ಮುತುವರ್ಜಿಯೇ ಮುಳುವಾಯಿತು.

ಹೊಸ ವರ್ಷದ ರಜೆ ಮುಗಿಯುತ್ತಿದ್ದ ಹಾಗೆ ಆಸ್ಪತ್ರೆಯಿಂದ ಬಟ್ಟಲು ವಾಪಸು ಬರತೊಡಗಿದವು. ಕೆಲವು ಬಿಸಿ ಸಾರು ಹಾಕಿದ್ದೇ ಅಂಚು ಉಬ್ಬಿ ನೆನೆದ ಬಿಸ್ಕತ್ತಾಗಿದ್ದವು. ಕೆಲವು ಗಾಜಿನ ಹಾಗೆ ಸೀಳಿದ್ದವು. ಒಬ್ಬ ಅಜ್ಜಿಯ ಮಡಿಲಿಗೆ ಸಾರು ಸುರಿದಿತ್ತಂತೆ. ಉಳಿದವೋ, ಕಲ್ಲಿನ ಹಾಗೆ ಗಟ್ಟಿ. ಒಂದೇ ದಿನ, ಒಂದೇ ಅಚ್ಚು, ಒಂದೇ ಕೈ. ಇದೆಂಥ ಗ್ರಹಚಾರ?

ಹತ್ತು ಗಂಟೆಯ ಚಹಾಕ್ಕೆ ಎಲ್ಲರೂ ಸ್ಟವ್ವಿನ ಸುತ್ತ ನಿಂತಿದ್ದರು. ಯಜಮಾನರು ಒಡೆದ ಬಟ್ಟಲನ್ನು ತಿರುಗಿಸಿ ನೋಡುತ್ತ, "ಕಿನುಯೊ, ಇದು ನಿನ್ ಅಚ್ಚಿಂದು. ಏನಮ್ಮ ಇದು? ಬಾಯಿ ಬಿಡು," ಅಂದರು. ಏಳೆಂಟು ಜೊತೆ ಕಣ್ಣು ಅವಳ ಮೇಲೆ. ಏನಾದರೂ ಒಂದು ಹೇಳಿ ಆ ಕಣ್ಣುಗಳಿಂದ ಪಾರಾದರೆ ಸಾಕಾಗಿತ್ತು ಅವಳಿಗೆ.

"ದೊಡ್ಡಪ್ಪನ ಹೊಟ್ಟು... ಹಸಿ ಇರ್ಬೇಕು," ಅಂದುಬಿಟ್ಟಳು.

ಆಡಿದ್ದೇ ನಾಲಗೆ ಕಚ್ಚಿಕೊಂಡಳು. ಆದರೆ ಯಜಮಾನರಿಗೆ ಕಾರಣ ಬೇಕಾಗಿತ್ತು, ಸಿಕ್ಕಿತು. ಅದೇ ಮಧ್ಯಾಹ್ನ ಮೇಲ್ಗಡೆಗೆ ಹೋಗಿ, ಇನ್ನು ಮೇಲೆ ಹೊಟ್ಟು ಬೇಡ ಅಂತ ತೊಕುಜಿರೊಗೆ ಹೇಳಿ ಬಂದರು. ಯಾಕೆ ಅಂತ ಅವನು ಕೇಳಿದ್ದಕ್ಕೆ ಕಾರಣವನ್ನೂ ಹೇಳಿದರು, ಯಾರು ಹೇಳಿದ್ದು ಅನ್ನುವುದನ್ನೂ ಹೇಳಿದರು.

ಹೊರಗಿನವರಿಗೆ ಇದು ಸಣ್ಣ ಮಾತು. ಕಡೆಯುವವನಿಗೆ 'ನಿನ್ನ ಮರ ಹಸಿ' ಅನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕೆಯಾಕಿ ಮರವನ್ನು ಒರಟಾಗಿ ಕಡೆದು, ಅಟ್ಟದಲ್ಲಿ ಹೊಗೆ ಕೊಟ್ಟು, ವರ್ಷಗಟ್ಟಲೆ ಒಣಗಿಸಿ, ಆಮೇಲೆ ಉಳಿ ಮುಟ್ಟಿಸುವ ಜನ ಅವರು. ಹೊಟ್ಟು ಹಸಿ ಅಂದರೆ ಮರ ಹಸಿ, ಮರ ಹಸಿ ಅಂದರೆ ಬಟ್ಟಲು ನಾಳೆ ಸೊಟ್ಟಗಾಗುತ್ತದೆ, ಅರಗು ಬಿರಿಯುತ್ತದೆ. ಊರ ಬಿಸಿನೀರ ಬಚ್ಚಲಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತ ಹೆಂಗಸರಿಗೆ ಇಷ್ಟು ಸಾಕಲ್ಲ! "ಕೇಳಿದ್ರಾ, ತೊಕುಜಿರೊ ಹಸಿ ಮರ ಕಡೀತಾನಂತೆ. ಕೈಲಾಗಲ್ಲ ಪಾಪ, ಒಣಗೋವರ್ಗೆ ಕಾಯೋಕೆ ಆಯಸ್ಸಾದ್ರೂ ಎಲ್ಲಿದೆ." ವಾರದೊಳಗೆ ಅರಗಿನವರು ಒಬ್ಬೊಬ್ಬರಾಗಿ, ಈ ಸಲ ನಿನ್ನ ಬಟ್ಟಲು ಬೇಡ ಅಜ್ಜ, ಬೇಸಿಗೆಗೆ ನೋಡೋಣ, ಅಂದರು.

ಕಿನುಯೊ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗುವುದು ಅವನ ಮನೆ ಕೆಳಗಿನ ಸೇತುವೆ ದಾಟಿ. ಎಂಟು ಗಂಟೆಗೆ ಸೇತುವೆ ಮೇಲೆ ತಿರುಗಣಿಯ ಕೊಂಯ್ ಶಬ್ದ ಕೇಳಿದರೆ ದೊಡ್ಡಪ್ಪ ಕೆಲಸ ಶುರು ಮಾಡಿದ್ದಾನೆ ಅಂತ ಅರ್ಥ. ಜನವರಿ ಮೂರನೇ ವಾರದ ಒಂದು ದಿನ ಶಬ್ದ ಇರಲಿಲ್ಲ. ಹಿಮ ಬಿದ್ದಿದೆ, ತಡವಾಗಿರಬಹುದು ಅಂದುಕೊಂಡಳು. ಮರುದಿನವೂ ಇಲ್ಲ. ಮೂರನೆಯ ದಿನ ಸೇತುವೆಯ ಮೇಲೆ ಕಾಲು ಗಂಟೆ ನಿಂತಳು. ಕೆಳಗೆ ಹೊಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಎದುರಿಗೆ ಬಂದ ಹಾಲಿನವನು ಹೇಳಿದ, "ಅಜ್ಜ ತಿರುಗಣಿ ಮಾರ್ತಾರಂತಲ್ಲಕ್ಕ? ಬರೋ ತಿಂಗಳ ಮೊದಲ ವಾರ ಕೊಮಾತ್ಸುವಿಂದ ಯಾರೋ ನೋಡೋಕೆ ಬರ್ತಾರಂತೆ."

ಆಮೇಲೆ ಅವಳು ಮನುಷ್ಯರ ಹಾಗೆ ಇರಲಿಲ್ಲ. ಬೇರೆಯವರಿಂದ ಹೊಟ್ಟು ತರಿಸಿದರು. ಅದನ್ನು ಅವಳೇ ಬಾಣಲೆಯಲ್ಲಿ ಹುರಿದಳು, ಎರಡು ಸಲ ಜರಡಿ ಹಿಡಿದಳು, ಅಚ್ಚನ್ನು ಉಜ್ಜಿದಳು, ತಕ್ಕಡಿ ಬದಲಾಯಿಸಿದಳು. ಬಟ್ಟಲು ಮೊದಲಿನ ಹಾಗೆಯೇ ಉಬ್ಬಿದವು, ಹಾಗೆಯೇ ಸೀಳಿದವು. ಅಂದರೆ ದೊಡ್ಡಪ್ಪನ ಹೊಟ್ಟಿನದಲ್ಲ ತಪ್ಪು! ಅದು ಗೊತ್ತಾದ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಹಾಗಾದ್ರೆ ಯಾರ ತಪ್ಪು ಅಂತ ಕೇಳಿದರೆ? ಮನೆಗೆ ಬಂದರೆ ಕೂರಲಾರಳು, ನಿಲ್ಲಲಾರಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಗಂಡ ಚಳಿಗಾಲಕ್ಕೆ ಒಸಾಕಾ ಕಡೆ ಕಟ್ಟಡ ಕೆಲಸಕ್ಕೆ ಹೋಗಿದ್ದ, ಹೇಳಿಕೊಳ್ಳಲು ಇದ್ದದ್ದು ಅತ್ತೆ ಒಬ್ಬಳೇ. ಅತ್ತೆಗೆ ಹೇಳುವುದೂ ಬಚ್ಚಲಲ್ಲಿ ಡಂಗುರ ಸಾರುವುದೂ ಒಂದೇ.

ಫೆಬ್ರವರಿ ಒಂದನೇ ತಾರೀಖು. ತಿಂಗಳ ಮೊದಲ ದಿನ ಆ ಮನೆಯಲ್ಲಿ ಕೆಂಪು ಕಾಳಿನ ಅನ್ನ ಮಾಡುವುದು ವಾಡಿಕೆ, ಮೇಲೆ ಉದುರಿಸಿಕೊಳ್ಳಲು ಕರಿ ಎಳ್ಳು, ಉಪ್ಪು. ಕಿನುಯೊ ಎಳ್ಳನ್ನು ಹುರಿದು, ಉಪ್ಪು ಬೆರೆಸಿ, ಚೆನ್ನಾಗಿ ಕಲಕಿ, ಗಾಜಿನ ಶೀಶೆಗೆ ತುಂಬಿ ಮೇಜಿನ ಮೇಲಿಟ್ಟಳು. ಇಬ್ಬರೂ ಅಡಿಗೆ ಕಾವು ಇಟ್ಟು ಸುತ್ತ ಹೊದಿಕೆ ಇಳಿಬಿಟ್ಟ ತಗ್ಗು ಮೇಜಿನಡಿ ಕಾಲು ಚಾಚಿ ಕೂತರು. ಅನ್ನ ಬೇಯಲಿ ಅಂತ ಕಾದರು. ಹೊದಿಕೆಯೊಳಗೆ ಕಿನುಯೊಳ ಬಲಗಾಲು ಮೇಜಿನ ಕಾಲಿಗೆ ತಾಗಿ ಕುಣಿಯುತ್ತಿತ್ತು. ಮೇಜು ಗಡಗಡ, ಶೀಶೆ ಕಿಣಿಕಿಣಿ.

"ಥೂ, ನಿನ್ನ ಕಾಲಿಗಿಷ್ಟು ಬೆಂಕಿ ಹಾಕ!" ಅಂದಳು ತಮೆ. "ನನ್ನ ಹಲ್ಲೆಲ್ಲ ಉದುರಿಸ್ತೀಯ. ಇರೋದೇ ಆರು."

ಅನ್ನ ಬಂತು. ತಮೆ ಮೇಲಿಂದ ಎರಡು ಚಮಚ ಹಾಕಿಕೊಂಡು ಬಾಯಿಗಿಟ್ಟು ಮುಖ ಸಿಂಡರಿಸಿದಳು. "ಏನೇ ಇದು, ಬರೀ ಎಳ್ಳು! ಉಪ್ಪು ಹಾಕೋದ್ನೂ ಮರೆತ್ಯಾ? ಬುದ್ಧಿ ಎಲ್ಲಿಟ್ಟಿದೀಯ ನೀನು ಈಚೆಗೆ?"

"ಹಾಕಿದೀನಿ ಅತ್ತೆ, ನಾನೇ ಕಲಕಿದೀನಿ."

"ಹಾಗಾದ್ರೆ ನನ್ನ ನಾಲಿಗೆ ಸತ್ತಿದ್ಯಾ? ನೋಡು ನೀನೇ."

ಕಿನುಯೊ ಶೀಶೆ ಎತ್ತಿ ದೀಪಕ್ಕೆ ಹಿಡಿದಳು. ಮೇಲೆ ಕಪ್ಪು, ತಳದಲ್ಲಿ ಬೆಳ್ಳಗೆ ಎರಡು ಬೆರಳು ಉಪ್ಪು. ಬೆರೆಸಿದ್ದು ಬೇರೆಯಾಗಿ ಕೂತಿತ್ತು. ಅವಳು ಶೀಶೆ ನೋಡಿದಳು, ಮೇಜು ನೋಡಿದಳು, ಹೊದಿಕೆ ಎತ್ತಿ ತನ್ನ ಕಾಲು ನೋಡಿದಳು.

"ಅಯ್ಯೋ ದೇವರೇ," ಅಂದಳು, "ಇದರದೇ ಕಿತಾಪತಿ!"

"ನಾನು ಹೇಳ್ತಾನೇ ಬಂದಿದೀನಲ್ಲ, ದರಿದ್ರ ಅಂತ," ಅಂದಳು ತಮೆ, ಏನೂ ಅರ್ಥವಾಗದೆ.

ಮರುದಿನ ಬೆಳಿಗ್ಗೆ ಕಿನುಯೊ ಬಕೆಟ್ಟನ್ನು ಕಾಲ ಪಕ್ಕದಿಂದ ಎತ್ತಿ ಮೇಜಿನ ಮೇಲಿಟ್ಟಳು. ಯಾರ ಮುಂದೆಯೂ ತುಟಿಪಿಟಕ್ ಅನ್ನಲಿಲ್ಲ. ಅವತ್ತು ಒತ್ತಿದ ಬಟ್ಟಲಿಗೆಲ್ಲ ಕುದಿಯುವ ನೀರು ಹಾಕಿದರು. ಒಂದೂ ಉಬ್ಬಲಿಲ್ಲ, ಒಂದೂ ಸೀಳಲಿಲ್ಲ. ನೆಲಕ್ಕೆ ಬೀಳಿಸಿದರು, ಉರುಳಿ ಸುಮ್ಮನಾದವು. ಯಜಮಾನರ ಮುಖ ಊರಗಲ. "ನೋಡಿದ್ರಾ! ಹೊಸ ಹೊಟ್ಟಿಗೆ ಸ್ವಲ್ಪ ಕಾವು ಹತ್ತಬೇಕಿತ್ತು ಅಷ್ಟೆ. ನೀನು ಹೇಳಿದ್ದೇ ಸರಿ ಕಿನುಯೊ, ಆ ಮುದುಕಂದು ಹಸಿನೇ," ಅಂದರು.

ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಆರ್ಡರು ಉಳಿಯಿತು, ಅವಳ ಜಾಗ ಉಳಿಯಿತು, ಒಬ್ಬ ಮುದುಕನ ಹೆಸರು ಹೋಯಿತು. ಊರಲ್ಲಿ ಇಂಥವು ಎಷ್ಟು ನಡೆದಿಲ್ಲ? ಆದರೆ ಅವಳಿಗೆ ಆ ಹೊಗಳಿಕೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮಧ್ಯಾಹ್ನದ ಡಬ್ಬಿ ಬಿಚ್ಚಲೇ ಇಲ್ಲ. ಹೊಟ್ಟೆನೋವು ಅಂತ ಹೇಳಿ, ಮೊಣಕಾಲುದ್ದ ಹಿಮದಲ್ಲಿ ಮೇಲ್ಗಡೆಗೆ ಹೊರಟಳು.

ತೊಕುಜಿರೊ ತಿರುಗಣಿಗೆ ಎಣ್ಣೆ ಹಚ್ಚುತ್ತಿದ್ದ, ಮಾರುವ ಹಸುವಿಗೆ ಮೈತೊಳೆದ ಹಾಗೆ. ಕಿನುಯೊ ಹೊಸಿಲಲ್ಲೇ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದಳು. ಬಕೆಟ್ಟು, ಕಾಲು, ಎಳ್ಳು, ಉಪ್ಪು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮುದುಕ ಎಣ್ಣೆಬಟ್ಟೆ ಕೆಳಗಿಡಲಿಲ್ಲ.

"ಒಂದು ಕೇಳ್ತೀನಿ," ಅಂದ. "ನನ್ನ ಹೊಟ್ಟು ಹಸಿ ಅಂತ ನಿನಗೆ ನಿಜವಾಗ್ಲೂ ಅನ್ಸಿತ್ತಾ?"

"ಇಲ್ಲ ದೊಡ್ಡಪ್ಪ."

"ಮತ್ತೆ?"

"ಬಾಯಿಗೆ ಬಂತು. ಹೇಳ್ಬಿಟ್ಟೆ."

"ಅನ್ಸಿ ಹೇಳಿದ್ರೆ ಒಂದು ಮಾತು. ನಿಮ್ಮಪ್ಪನ ಮಗಳು ನೀನು, ಮರ ಮುಟ್ಟಿದ್ರೆ ಗೊತ್ತಾಗ್ತದೆ ನಿನಗೆ. ಗೊತ್ತಿದ್ದೂ ಹೇಳ್ದೆ," ಅಂದ. "ಇಲ್ಲಿ ಬಂದು ನೆಲ ಯಾಕೆ ಒರೆಸ್ತೀಯ? ನನ್ನ ಮರ ಒಣಗಿದ್ದು ಅಂತ ನನಗೆ ಗೊತ್ತಿಲ್ವಾ? ಎಲ್ಲಿ ಹೇಳಿದ್ಯೋ ಅಲ್ಲಿ ಹೇಳು ಹೋಗು. ನಾಡಿದ್ದು ಕೊಮಾತ್ಸುವಿಂದ ಬರ್ತಾರೆ."

ಮರುದಿನ ಹತ್ತು ಗಂಟೆಯ ಚಹಾಕ್ಕೆ ಎಲ್ಲರೂ ಸೇರಿದಾಗ ಕಿನುಯೊ ಲೋಟ ಕೆಳಗಿಟ್ಟಳು. "ಯಜಮಾನ್ರೇ, ದೊಡ್ಡಪ್ಪನ ಹೊಟ್ಟು ಹಸಿ ಅಲ್ಲ. ನಾನು ಸುಳ್ಳು ಹೇಳಿದೆ. ಬಟ್ಟಲು ಕೆಡಿಸಿದ್ದು ನನ್ನ ಕಾಲು."

ಆಮೇಲೆ ನಗು ಅಂದರೆ ನಗು. ಹೊಟ್ಟು ರುಬ್ಬುವ ಯಂತ್ರದವನು ಚಹಾ ಮೂಗಿಗೇರಿಸಿಕೊಂಡ. "ಕಾಲಲ್ಲಿ ಒತ್ತಿದ್ಯಾ ಅಕ್ಕ?" ಅಂದ. ಯಜಮಾನರು ಮಾತ್ರ ನಗಲಿಲ್ಲ. "ತಮಾಷೆ ಸಾಕು ಕಿನುಯೊ. ನಂಟಸ್ತನಕ್ಕೆ ಅಂತ ನೀನು ತಪ್ಪು ಹೊತ್ಕೋಬೇಡ," ಅಂದರು.

"ತೋರಿಸ್ತೀನಿ," ಅಂದಳು. ಬೇಕಾದೀತು ಅಂತ ಮನೆಯಲ್ಲಿ ಉಳಿದಿದ್ದ ದೊಡ್ಡಪ್ಪನ ಹಳೆಯ ಹೊಟ್ಟಿನ ಕೊನೆಯ ಚೀಲ ತಂದಿದ್ದಳು. ಅದನ್ನೇ ಹಿಟ್ಟು ಮಾಡಿ, ರಾಳ ಬೆರೆಸಿ, ಎಲ್ಲರ ಕಣ್ಣೆದುರು ಕೈಯಿಂದ ಚೆನ್ನಾಗಿ ಕಲಸಿ, ಬಕೆಟ್ಟಿಗೆ ಹಾಕಿ, ಬಲಗಾಲಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಎಲ್ಲರೂ ಅವಳ ಕಾಲನ್ನೇ ನೋಡಿದರು.

ಕಾಲು ಅಲ್ಲಾಡಲಿಲ್ಲ!

ನಲವತ್ತಮೂರು ವರ್ಷ ಒಂದು ಕ್ಷಣ ಸುಮ್ಮನಿರದ ಕಾಲು, ಈಗ ಬುದ್ಧನ ಮೂರ್ತಿಯ ಕಾಲು. ಬೇಕೆಂದು ಅಲ್ಲಾಡಿಸಲು ನೋಡಿದಳು, ಒದ್ದ ಹಾಗಾಯಿತು, ಬಕೆಟ್ಟು ಉರುಳಲಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಹೆಂಗಸರು ಒಬ್ಬರನ್ನೊಬ್ಬರು ಚಿವುಟಿದರು. "ಏಳಮ್ಮ, ಕೆಲಸ ನೋಡ್ಕೊ," ಅಂದರು ಯಜಮಾನರು, ಕನಿಕರದಿಂದ. ಆ ಕನಿಕರ ಕೇಳಿ ಅವಳಿಗೆ ಅಳುವೇ ಬಂತು. ಹಾಳು ಕಾಲೇ, ಬೇಡ ಅಂದಾಗ ಕುಣಿದೆ, ಈಗ ಬೇಕು, ಈಗ ಸತ್ತೆಯಾ?

ಆಗ ತಗಡಿನ ಬಾಗಿಲು ಕರಕರ ಸರಿಯಿತು. ಹುಲ್ಲಿನ ಟೋಪಿಯ ಹಿಮ ಕೊಡವುತ್ತ ತೊಕುಜಿರೊ ಒಳಗೆ ಬಂದ. ಹದಿನೈದು ವರ್ಷದಲ್ಲಿ ಒಂದು ಸಲವೂ ಕಲಸಿದ್ದರ ಶೆಡ್ಡಿಗೆ ಕಾಲಿಟ್ಟವನಲ್ಲ. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮೂಲೆಯ ರಾಳದ ಚೀಲದ ಮೇಲೆ ಕೂತು, ಕೈ ಕಟ್ಟಿ, ಅವಳನ್ನೇ ನೋಡಿದ.

ಕಿನುಯೊ ಕಾಲನ್ನು ಮರೆತಳು. ಅವನು ಏನು ಅಂತಾನೋ, ಎದ್ದು ಹೋಗ್ತಾನೋ, ನಾಳೆ ತಿರುಗಣಿ ಹೋಗ್ತದೋ... ತಲೆಯೊಳಗೆ ಇದೇ ಗಿರಕಿ ಹೊಡೆಯುತ್ತಿದ್ದ ಹಾಗೆ, ಬಕೆಟ್ಟಿನ ಹಿಡಿ ಸಣ್ಣಗೆ ಕಿಣಿಕಿಣಿ ಅಂದಿತು. ರುಬ್ಬುವವನು ಬೆರಳು ತೋರಿಸಿದ. ಅವಳಿಗೆ ಮಾತ್ರ ಗೊತ್ತೇ ಇರಲಿಲ್ಲ, ಅವಳು ಮುದುಕನ ಮುಖ ನೋಡುತ್ತಿದ್ದಳು. ಕಾಲು ತನ್ನ ಕೆಲಸ ಮಾಡುತ್ತಿತ್ತು.

ಅರ್ಧ ಗಂಟೆಯ ಮೇಲೆ ಯಜಮಾನರೇ ಬಗ್ಗಿ ಮೂರು ಲೋಟ ಎತ್ತಿದರು, ಮೇಲಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು. ಮೇಲಿನದು ಕಂದು, ತಳದ್ದು ಬಿಳಿ, ಕಣ್ಣಿಗೇ ಕಾಣುತ್ತಿತ್ತು. ಹಗುರ ಹೊಟ್ಟೆಲ್ಲ ಮೇಲೆ, ಭಾರದ ರಾಳವೆಲ್ಲ ಕೆಳಗೆ. ಮೂರನ್ನೂ ಒತ್ತಿದರು, ಮೂರಕ್ಕೂ ಕುದಿನೀರು ಹೊಯ್ದರು. ಮೊದಲನೆಯದು ಉಬ್ಬಿತು. ಮೂರನೆಯದನ್ನು ನೆಲಕ್ಕೆ ಬೀಳಿಸಿದರೆ ಠಣ್ ಅಂತ ಎರಡು ಹೋಳು. ನಡುವಿನದು ಗಟ್ಟಿಯಾಗಿ ಕೂತಿತ್ತು.

ಯಜಮಾನರು ತೊಕುಜಿರೊನ ಮುಂದೆ ಹೋಗಿ ತಪ್ಪಾಯಿತು ಅಂತ ಸೊಂಟ ಬಗ್ಗಿಸಿದರು. ರುಬ್ಬುವವನೂ ಬಗ್ಗಿದ. ಬಚ್ಚಲ ಸುದ್ದಿಯ ಹೆಂಗಸರಿಬ್ಬರು ಎಲ್ಲರಿಗಿಂತ ಕೆಳಗೆ ಬಗ್ಗಿದರು. ಮುದುಕ ಅವರನ್ನು ದಾಟಿ ಹೋಗಿ ನಡುವಿನ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಉಗುರಿಂದ ತಟ್ಟಿ ಕಿವಿಗೆ ಹಿಡಿದ. "ಕಲಸಿದ್ದೇ," ಅಂದ. ಕೆಳಗಿಟ್ಟು ಹೊರಟುಹೋದ.

ಅವತ್ತು ಸಂಜೆ ಬಚ್ಚಲಲ್ಲಿ ಒಂದೇ ಸುದ್ದಿ. ಕಿನುಯೊ ಅಲ್ಲಿಗೆ ಹೋಗಲಿಲ್ಲ. ಮರುದಿನ, ಕೊಮಾತ್ಸುವಿನವರು ಬರುವ ದಿನ, ಏಳೂವರೆಗೇ ಸೇತುವೆ ಮೇಲೆ ಬಂದು ನಿಂತಳು. ಎಂಟಾಯಿತು, ಶಬ್ದವಿಲ್ಲ. ಎಂಟೂಕಾಲು. ಮೇಲ್ಗಡೆ ರಸ್ತೆಯಲ್ಲಿ ಒಂದು ಸಣ್ಣ ಲಾರಿ ಬಂದು ನಿಂತದ್ದು ಕಾಣಿಸಿತು. ಅವಳು ಕಂಬಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಲಾರಿ ಹಿಂದೆ ತಿರುಗಿ ಖಾಲಿಯಾಗಿಯೇ ಇಳಿದು ಹೋಯಿತು. ಆದರೂ ತಿರುಗಣಿ ಸುಮ್ಮನಿತ್ತು. ಏನೂ ಅರ್ಥವಾಗದೆ ಶೆಡ್ಡಿಗೆ ಹೋದಳು.

ಅವಳ ಸ್ಟೂಲಿನ ಹತ್ತಿರ ಯಾರೋ ಬೆನ್ನು ಬಗ್ಗಿಸಿ ಕೂತಿದ್ದರು. ತೊಕುಜಿರೊ, ಅವಳು ಸೇತುವೆಗೆ ಬರುವ ಮುಂಚೆಯೇ ಮನೆ ಬಿಟ್ಟು ಇಳಿದು ಬಂದಿದ್ದ. ಒತ್ತುಯಂತ್ರದ ಪಕ್ಕ ಒಂದು ಹಳೆಯ ಹಲಗೆ, ತುದಿಯಲ್ಲಿ ಕಾಲಿಟ್ಟು ಇಟ್ಟು ಸವೆದ ಗುಳಿ. ಕರೆಂಟು ಬರುವ ಮುಂಚೆ ಅವನೂ ಅವಳಪ್ಪನೂ ಸರದಿಯ ಮೇಲೆ ತುಳಿದು ಕಡೆಯುತ್ತಿದ್ದ ತಿರುಗಣಿಯ ತುಳಿಹಲಗೆ ಅದು. ಅದಕ್ಕೆ ಹಗ್ಗ, ಹಗ್ಗಕ್ಕೆ ಒಂದು ಕೋಲು, ಕೋಲಿನ ತುದಿಗೆ ಹೊಸದಾಗಿ ಕಡೆದ ಮರದ ಕವೆ. ಕವೆ ಬಕೆಟ್ಟಿನೊಳಗೆ ಇಳಿದಿತ್ತು. ಹಲಗೆ ಕುಲುಕಿದರೆ ಕವೆ ತಿರುಗಿ ತಳದ ರಾಳವನ್ನು ಮೇಲಕ್ಕೆ ಎತ್ತಿ ಹಾಕುತ್ತಿತ್ತು.

"ಕೂತ್ಕೊ," ಅಂದ.

ಕೂತಳು. ಬಲಗಾಲನ್ನು ಗುಳಿಯ ಮೇಲಿಟ್ಟಳು. ಅಪ್ಪನ ಹಿಮ್ಮಡಿ ಸವೆಸಿದ ಗುಳಿ ಅವಳ ಹಿಮ್ಮಡಿಗೆ ಸ್ವಲ್ಪ ದೊಡ್ಡದಾಯಿತು.

"ನಿಮ್ಮಪ್ಪನೂ ಹಿಂಗೇ," ಅಂದ ಮುದುಕ. "ಊಟಕ್ಕೆ ಕೂತ್ರೂ ಕಾಲು ತುಳೀತಾನೇ ಇರೋದು. ಇದೇನು ದರಿದ್ರ ಅಲ್ಲ. ಕೆಲಸ ಸಿಗದ ಕಾಲು, ಅಷ್ಟೆ."

"ದೊಡ್ಡಪ್ಪ, ನನ್ನ..."

"ಕ್ಷಮಿಸಿದೀನಿ ಅಂತ ತಿಳ್ಕೋಬೇಡ," ಅಂದ ಅವನು, ಟೋಪಿ ಹಾಕಿಕೊಳ್ಳುತ್ತ. "ನನ್ನ ಹೊಟ್ಟು ಸರಿಯಾಗಿ ಬೆರೀಲಿ ಅಂತ ಮಾಡಿದ್ದು. ನಾಳೆ ಬಂದು ಮೂಟೆ ತಗೊಂಡು ಹೋಗು. ಎಂಟು ಗಂಟೆ ಮೇಲೆ ಬಾ, ಅಷ್ಟೊತ್ತಿಗೆ ತಿರುಗಣಿ ಹಾಕಿರ್ತೀನಿ."